ಅಪ್‌ಡೇಟ್: ರೂಟ್ ಕೆನಾಲ್ ಆದ ಮುಂದಿನ ಹಲ್ಲಿಗೆ ಕ್ಯಾಪ್ ಬೇಕಾಗಲಿಲ್ಲ

ಮೇಲಿನ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆದಮೇಲೆ ಕ್ಯಾಪ್ ಹಾಕಿಸಲೇಬೇಕಾ, ಪೋಸ್ಟ್ (ಬೇರಿನೊಳಗೆ ಕೂರಿಸುವ ಸಣ್ಣ ಕಡ್ಡಿ) ಕೂರಿಸಿದರೆ ಗಟ್ಟಿಯಾಗುತ್ತಾ ಅಂತ ಕೇಳಿದ್ದೆ. ಶಿರಸಿಯಲ್ಲೇ ಕೆಲಸ ಮುಗೀತು, ಎರಡೂ ಬೇಕಾಗಲಿಲ್ಲ.

ಹಲ್ಲಿನ ಗೋಡೆ ಸುತ್ತಲೂ ಗಟ್ಟಿಯಿತ್ತು, ಒಳಬದಿಗೆ ಕೊರೆದ ತೂತು ಮಾತ್ರ. ಅದಕ್ಕೆ ಕಾಂಪೊಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಸಾಕು. ಕ್ಯಾಪ್‌ಗೆಂದು ಅರೆದರೆ ಉಳಿದ ಗಟ್ಟಿ ಭಾಗವೇ ಹೋಗುತ್ತದೆ. ಪೋಸ್ಟ್ ಹಲ್ಲಿಗೆ ಬಲ ಕೊಡುವುದಿಲ್ಲ, ಮುರಿದ ಭಾಗದ ಬದಲು ಕಟ್ಟಿದ ದಿಂಡನ್ನು (ಕೋರ್) ಹಿಡಿದಿಡುತ್ತದೆ ಅಷ್ಟೇ. ಅರ್ಧ ಮುರಿದ ಹಲ್ಲಾದರೆ ಲೆಕ್ಕ ಬೇರೆ: ವಸಡಿನಿಂದ ಹೊರಗೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು, ಇಲ್ಲವಾದರೆ ಪೋಸ್ಟ್ ಕಳಚುತ್ತದೆ ಅಥವಾ ಹಲ್ಲಿನ ಬೇರು ಸೀಳುತ್ತದೆ. ಪೋಸ್ಟ್‌ಗೆ ಜಾಗ ಮಾಡುವಾಗ ಬೇರಿನ ತುದಿಯಲ್ಲಿ 4–5 ಮಿ.ಮೀ. ಗಟ್ಟಾ ಪರ್ಚಾ (ರೂಟ್ ಕೆನಾಲ್‌ನಲ್ಲಿ ತುಂಬುವ ರಬ್ಬರಿನಂಥ ವಸ್ತು) ಮುಟ್ಟದೆ ಬಿಡಬೇಕು.

ಹಲ್ಲು ಕಪ್ಪಾಗಿದ್ದಕ್ಕೆ ಒಳಗಿನಿಂದಲೇ ಬ್ಲೀಚ್. ಗಟ್ಟಾ ಪರ್ಚಾವನ್ನು ವಸಡಿನ ಮಟ್ಟಕ್ಕಿಂತ ಬೇರಿನ ಕಡೆಗೆ ಸ್ವಲ್ಪ ಒಳಗಿನವರೆಗೆ ತೆಗೆದು, ಅದರ ಮೇಲೆ 2 ಮಿ.ಮೀ. ಗ್ಲಾಸ್ ಅಯೋನೊಮರ್ (ಹಲ್ಲಿನ ಸಿಮೆಂಟ್) ತಡೆ, ಆಮೇಲೆ ಬ್ಲೀಚ್ ಮಾಡುವ ಸೋಡಿಯಂ ಪರ್ಬೋರೇಟ್. ಈ ತಡೆ ಹಾಕದಿದ್ದರೆ ಬೇರು ಹೊರಗಿನಿಂದ ಕರಗುವ ಅಪಾಯವಿದೆ. ಬ್ಲೀಚ್ ಮುಗಿದ ಕೂಡಲೇ ಕಾಂಪೊಸಿಟ್ ಸರಿಯಾಗಿ ಅಂಟುವುದಿಲ್ಲ, ಒಂದೆರಡು ವಾರ ಕಾಯಬೇಕು. ಅವಸರ ಮಾಡುವವರೇ ಹೆಚ್ಚು!

ಇನ್ನು ಈ ಹಲ್ಲಲ್ಲಿ ಅಡಿಕೆ ಕಚ್ಚುವುದು, ಏಡಿ ಕಾಲು ಒಡೆಯುವುದು ಬಂದ್. ಕವಳ (ಎಲೆ-ಅಡಿಕೆ) ಹಾಕಿದರೆ ಕಾಂಪೊಸಿಟ್ ಅಂಚು ಕೆಂಪಾಗುತ್ತದೆ. ವರ್ಷದ ಮೇಲೆ ಒಂದು ಎಕ್ಸ್‌ರೇ.