ಸಹಾಯ ಬೇಕು: ಪೇಟೆಂಟ್ ಅರ್ಜಿದಾರ ನಾನೋ, ವಿಶ್ವವಿದ್ಯಾಲಯವೋ?

ಎಂ.ಟೆಕ್ ವಿದ್ಯಾರ್ಥಿ ನಾನು. ಅಂಗಳದಲ್ಲಿ ಒಣಗುವ ಚಾಲಿ ಅಡಿಕೆಯ ತೇವಾಂಶವನ್ನು ಸಿಪ್ಪೆ ಸುಲಿಯದೆಯೇ ಅಳೆಯುವ ಪುಟ್ಟ ಸಾಧನ ಮಾಡಿದ್ದೇನೆ. ಚೆನ್ನೈ ಪೇಟೆಂಟ್ ಕಚೇರಿಗೆ ಮೊದಲು ತಾತ್ಕಾಲಿಕ ವಿವರಣೆ (ಆವಿಷ್ಕಾರದ ಆರಂಭಿಕ ವಿವರ) ಸಲ್ಲಿಸುವ ಯೋಚನೆ. ಪೂರ್ಣ ವಿವರಣೆಗೆ ಆಮೇಲೆ 12 ತಿಂಗಳ ಅವಕಾಶವಿದೆ. ಆನ್‌ಲೈನ್ ಶುಲ್ಕ 1,600 ರೂಪಾಯಿ, ಅದನ್ನು ಹೇಗೋ ಹೊಂದಿಸಬಹುದು.

ತೊಡಕಿರುವುದು ಪೇಟೆಂಟ್ ಅರ್ಜಿಯ ಫಾರ್ಮ್ ಆದ ನಮೂನೆ 1ರಲ್ಲಿ. ಆವಿಷ್ಕಾರಕರ ಅಂಕಣದಲ್ಲಿ ನನ್ನ ಹೆಸರು ಬರೆದಾಯಿತು, ಅರ್ಜಿದಾರರ ಅಂಕಣ ಖಾಲಿ. ಸೆನ್ಸರ್ ನನ್ನ ದುಡ್ಡಿನದು, ಪ್ರಯೋಗಾಲಯ ವಿಶ್ವವಿದ್ಯಾಲಯದ್ದು. ಮಾರ್ಗದರ್ಶಕರು ಕುಲಸಚಿವರ ಕಚೇರಿಗೆ ಕಳುಹಿಸುತ್ತಾರೆ, ಅಲ್ಲಿಯವರು ಮಾರ್ಗದರ್ಶಕರನ್ನೇ ಕೇಳು ಎನ್ನುತ್ತಾರೆ. ವಿಶ್ವವಿದ್ಯಾಲಯದ ಬೌದ್ಧಿಕ ಆಸ್ತಿ ನೀತಿಯ (ಆವಿಷ್ಕಾರದ ಹಕ್ಕು ಯಾರದೆಂಬ ನಿಯಮ) ಪ್ರತಿ ಯಾರ ಬಳಿಯೂ ಇದ್ದಂತಿಲ್ಲ! ಪ್ರಬಂಧ ಪ್ರಕಟವಾಗುವ ಮೊದಲೇ ಅರ್ಜಿ ಹೋಗಬೇಕು.

ಹಕ್ಕು ಬಿಟ್ಟುಕೊಡುವ ಯಾವ ಪತ್ರಕ್ಕೂ ನಾನು ಸಹಿ ಹಾಕಿಲ್ಲ. ಹಾಗಿದ್ದರೆ ನಾನೊಬ್ಬನೇ ಅರ್ಜಿದಾರನಾಗಬಹುದೇ, ಇಲ್ಲ ವಿಶ್ವವಿದ್ಯಾಲಯವನ್ನೂ ಜಂಟಿಯಾಗಿ ಸೇರಿಸಲೇಬೇಕೇ? ವಿದ್ಯಾರ್ಥಿಯಾಗಿದ್ದಾಗ ಅರ್ಜಿ ಸಲ್ಲಿಸಿದವರು ದಯವಿಟ್ಟು ತಿಳಿಸಿ.