ಮಸೂದೆ ‘ಮಂಡನೆ’ ಆಗುವುದು ಎಷ್ಟು ಸಲ? ಮೇಲ್ಮನೆಯ ಕಲಾಪದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

‘ಮಂಡಿಸು’ ಪದದ ಬಗ್ಗೆ ಒಂದು ಪ್ರಶ್ನೆ ಇದೆ. ಅದರ ಬೆನ್ನಿಗೇ ಇನ್ನೊಂದಿಷ್ಟು ಪದಗಳು ತಗಲಿಕೊಂಡು ಬಂದಿವೆ, ಅವನ್ನೂ ಇಲ್ಲೇ ಕೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾವೊಂದಿಷ್ಟು ಕನ್ನಡಿಗರು ಸೇರಿ, ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗಾಗಿ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇವೆ. ರಾಜ್ಯಸಭೆಯಲ್ಲಿ ಒಂದು ದಿನ ಏನೇನು ನಡೆಯುತ್ತದೆ ಅಂತ ತಿಳಿಗನ್ನಡದಲ್ಲಿ ಹೇಳುವುದು ಉದ್ದೇಶ. ಈ ಮಕ್ಕಳಿಗೆ ಮನೆಮಾತು ಕನ್ನಡವೇ. ಆದರೆ ಸದನದ ಪದಗಳೆಲ್ಲ ಮರಾಠಿ ಸುದ್ದಿಯಿಂದ ಕಿವಿಗೆ ಬಿದ್ದವು. ‘ಲಕ್ಷವೇಧಿ’ ಅಂದರೆ ಥಟ್ಟನೆ ತಿಳಿಯುತ್ತದೆ. ‘ಗಮನ ಸೆಳೆಯುವ ಸೂಚನೆ’ ಅಂದರೆ ಮುಖ ಮುಖ ನೋಡುತ್ತಾರೆ.

ಮಾದರಿಗೆ ನಾವು ಆರಿಸಿಕೊಂಡದ್ದು 2023ರ ಸೆಪ್ಟೆಂಬರ್ 21. ಮಹಿಳಾ ಮೀಸಲಾತಿ ಮಸೂದೆಗೆ ರಾಜ್ಯಸಭೆ ಒಪ್ಪಿಗೆ ಕೊಟ್ಟ ದಿನ. ಅದು ಲೋಕಸಭೆಗೆ ಬಂದದ್ದು 19ಕ್ಕೆ, ಅಲ್ಲಿ ಪಾಸಾದದ್ದು 20ಕ್ಕೆ, ರಾಜ್ಯಸಭೆಯಲ್ಲಿ 21ಕ್ಕೆ. ಕನ್ನಡ ಸುದ್ದಿಗಳ ಆಧಾರದಲ್ಲಿ ನಾವು ಬರೆದ ಮೊದಲ ಕರಡನ್ನು ಓದಿದ ಹುಡುಗಿಯೊಬ್ಬಳು ಕೇಳಿದಳು: “ಅಂಕಲ್, 19ಕ್ಕೆ ಮಂಡಿಸಿದ್ರು ಅಂತ ಇದೆ. 21ಕ್ಕೂ ಮಂಡಿಸಿದ್ರು ಅಂತ ಇದೆ. ನಡುವೆ ಪಾಸೂ ಆಗಿದೆ. ಪಾಸಾದ್ಮೇಲೆ ಮತ್ತ್ಯಾಕೆ ಮಂಡಿಸ್ತಾರೆ?”

ಕೇಳಿದ್ದು ಸರಿಯಾಗಿಯೇ ಇದೆ. ಆ ಎರಡು ದಿನ ನಡೆದದ್ದು ಬೇರೆ ಬೇರೆ ಕೆಲಸ. 19ಕ್ಕೆ ಮಸೂದೆ ಮೊದಲ ಸಲ ಸದನದೊಳಗೆ ಬಂತು. ಕೆಳಮನೆಯಲ್ಲಿ ಪಾಸಾಗಿ ಬಂದ ಮಸೂದೆಗೆ ಮೇಲ್ಮನೆಯಲ್ಲಿ ಆ ಮೊದಲ ಹೆಜ್ಜೆ ಇಲ್ಲವೇ ಇಲ್ಲ. ಮಹಾಕಾರ್ಯದರ್ಶಿ ಎದ್ದು ನಿಂತು, ಲೋಕಸಭೆ ಇಂಥ ಮಸೂದೆಯನ್ನು ಅಂಗೀಕರಿಸಿದೆ ಎನ್ನುವ ಸಂದೇಶವನ್ನು ತಿಳಿಸುತ್ತಾರೆ. ಮಸೂದೆಯ ಪ್ರತಿಯನ್ನು ಸದನದ ಮೇಜಿನ ಮೇಲೆ ಇಡುತ್ತಾರೆ. ಅಲ್ಲಿಗೆ ಆ ಕೆಲಸ ಮುಗಿಯಿತು. ಆಮೇಲೆ ಮಂತ್ರಿ ಎದ್ದು ‘ಇದನ್ನು ಪರಿಶೀಲನೆಗೆ ತೆಗೆದುಕೊಳ್ಳಬೇಕು’ ಎನ್ನುತ್ತಾರೆ. ಅವತ್ತು ಹಾಗೆ ಎದ್ದವರು ಕಾನೂನು ಮಂತ್ರಿ ಅರ್ಜುನ್ ರಾಮ್ ಮೇಘವಾಲ್. ಅದಾದ ಮೇಲೆ ಚರ್ಚೆ, ಕಲಮುಗಳನ್ನು ಒಂದೊಂದಾಗಿ ಮತಕ್ಕೆ ಹಾಕುವುದು, ಕೊನೆಗೆ ‘ಅಂಗೀಕರಿಸಬೇಕು’ ಅಂತ ಇನ್ನೊಂದು ಸಲ ಕೇಳಿಕೊಳ್ಳುವುದು. ನಮ್ಮ ಸುದ್ದಿಯಲ್ಲಿ ಇದರಲ್ಲಿ ಯಾವ ಹೆಜ್ಜೆಗೆ ಬೇಕಾದರೂ ‘ಮಂಡಿಸಿದರು’ ಅಂತ ಬರುತ್ತದೆ. ಬೆಳಗ್ಗೆ ಮಂತ್ರಿಗಳು ಇಲಾಖೆಗಳ ವಾರ್ಷಿಕ ವರದಿ ಇಟ್ಟರೂ ಮಂಡನೆ. ಸ್ಥಾಯಿ ಸಮಿತಿಯವರು ವರದಿ ಕೊಟ್ಟರೂ ಮಂಡನೆ.

ಕನ್ನಡದಲ್ಲಿ ‘ಮಂಡಿಸು’ ಅಂದ ಕೂಡಲೇ ನನ್ನ ಕಿವಿಗೆ ಕೇಳುವುದು ವಾದ. ವಕೀಲರು ವಾದ ಮಂಡಿಸುತ್ತಾರೆ, ವಿದ್ವಾಂಸರು ಪ್ರಬಂಧ ಮಂಡಿಸುತ್ತಾರೆ. ಎದುರಿಗಿರುವವರನ್ನು ಒಪ್ಪಿಸುವ ಇರಾದೆ ಆ ಪದದಲ್ಲಿದೆ. ಯಾವುದೋ ನಿಗಮದ ಲೆಕ್ಕಪತ್ರವನ್ನು ಮೇಜಿನ ಮೇಲೆ ಇಟ್ಟು ಕೂತುಕೊಳ್ಳುವ ಮಂತ್ರಿ ಏನನ್ನೂ ವಾದಿಸುತ್ತಿಲ್ಲ, ಅಲ್ವಾ? ಸುಮ್ನೆ ಇಡುತ್ತಿದ್ದಾರೆ ಅಷ್ಟೆ. ಬೆಂಗಳೂರಿನ ಸದನಗಳ ಕಲಾಪ ಪಟ್ಟಿಯಲ್ಲಿ ಇದಕ್ಕೆ ಬೇರೆ ಬೇರೆ ಕ್ರಿಯಾಪದಗಳು ಇದ್ದೇ ಇವೆ. ಕಾಗದಪತ್ರಗಳನ್ನು ‘ಸಭೆಯ ಮುಂದಿಡುವುದು’, ವರದಿಯನ್ನು ‘ಒಪ್ಪಿಸುವುದು’, ವಿಧೇಯಕವನ್ನು, ಅಂದರೆ ಮಸೂದೆಯನ್ನು, ‘ಪರ್ಯಾಲೋಚಿಸುವುದು’ (ಪರಿಶೀಲಿಸುವುದು). ಈ ವ್ಯತ್ಯಾಸ ಪತ್ರಿಕೆಗೆ ಬರುವಷ್ಟರಲ್ಲಿ ಸವೆದುಹೋಗುತ್ತದೆ. ಮರಾಠಿಯಲ್ಲೂ ಸುದ್ದಿಯಲ್ಲಿ ಬರುವುದು ‘ಮಾಂಡಲಂ’. ಆದರೆ ಅವರ ಕಾಗದಪತ್ರದ ಭಾಷೆ ಮೊದಲ ಸಲ ತರುವುದಕ್ಕೆ ‘ಪುರಃಸ್ಥಾಪಿತ’ ಅಂತ ಭಾರದ ಪದವೊಂದನ್ನು ಇಟ್ಟುಕೊಂಡಿದೆ. ಅದನ್ನು ಎತ್ತಿಕೊಂಡು ಬರೋಣ ಅಂತ ನಮ್ಮಲ್ಲೊಬ್ಬರು ಹೇಳಿದರು. ನನಗೆ ಮನಸ್ಸಿಲ್ಲ. ನಾಲಿಗೆ ತೊಡರುವ ಪದ ಕೊಟ್ಟರೆ ಮಕ್ಕಳು ವಾಪಸ್ ಇಂಗ್ಲಿಷಿಗೇ ಹೋಗುತ್ತಾರೆ.

ನಾನು ಹೇಳುವುದು ಇಷ್ಟು. ಮಸೂದೆಯನ್ನು ಮೊದಲ ಸಲ ತಂದಾಗ ಮಾತ್ರ ‘ಮಂಡಿಸು’. ಕಾಗದವನ್ನು ಇಟ್ಟರೆ ‘ಮುಂದಿಡು’. ವರದಿಯಾದರೆ ‘ಒಪ್ಪಿಸು’. ಕೆಳಮನೆಯಿಂದ ಬಂದದ್ದನ್ನು ಎತ್ತಿಕೊಂಡರೆ ‘ಚರ್ಚೆಗೆ ತೆಗೆದುಕೊಳ್ಳು’. ಇದಕ್ಕೆ ನಿಮ್ಮ ತಕರಾರು ಏನಾದರೂ ಇದೆಯೇ? ‘ಮುಂದಿಡು’ ತುಂಬ ಸಪ್ಪೆ, ಪ್ರಸ್ತಾವ ಮುಂದಿಟ್ಟರು ಅಂತಲೂ ಬಳಸುತ್ತೇವಲ್ಲ ಅಂತ ಒಬ್ಬರು ಆಗಲೇ ಆಕ್ಷೇಪ ಎತ್ತಿದ್ದಾರೆ. ಆ ಮಾತಿನಲ್ಲಿ ತೂಕವಿದೆ.

ಇನ್ನು ‘ಮಸೂದೆ’ ಪದವೇ ಇಲ್ಲಿ ಮಹಾ ತೊಂದರೆ ಕೊಡುತ್ತದೆ. ಬೆಂಗಳೂರಿನವರಿಗೆ ಇದು ಹೊಳೆಯಲಿಕ್ಕಿಲ್ಲ. ಮರಾಠಿಯಲ್ಲಿ ‘ಮಸುದಾ’ ಅಂದರೆ ಬರೀ ಕರಡು. ಬಾಡಿಗೆ ಕರಾರಿನ ಕರಡೂ ಮಸುದಾ, ಅರ್ಜಿಯ ಕರಡೂ ಮಸುದಾ. ಸದನಕ್ಕೆ ಬರುವುದು ಅವರಿಗೆ ‘ವಿಧೇಯಕ’. ಹಾಗಾಗಿ ‘ಮಸೂದೆ ಪಾಸಾಯಿತು’ ಅಂತ ಓದಿದ ನಮ್ಮ ಮಕ್ಕಳು, ಕರಡು ಪಾಸಾಯಿತು, ಅಸಲಿ ಕಾನೂನು ಇನ್ನು ಮೇಲೆ ಬರೆಯುತ್ತಾರೆ ಅಂದುಕೊಳ್ಳುತ್ತಾರೆ. ಮಸೂದೆ, ಮಸುದಾ ಎರಡೂ ಒಂದೇ ಅರಬಿ ಮೂಲದವು, ‘ಕರಡು’ ಎನ್ನುವುದೇ ಮೂಲದ ಅರ್ಥ. ಕನ್ನಡ ಅದನ್ನು ಸದನದೊಳಕ್ಕೆ ಕರೆದುಕೊಂಡಿತು, ಮರಾಠಿ ಹೊರಗೇ ಬಿಟ್ಟಿತು. ಈ ಗೊಂದಲ ತಪ್ಪಿಸಲು ಮುಂಬಯಿ ಪುಣೆ ಓದುಗರಿಗೆ ‘ವಿಧೇಯಕ’ವೇ ವಾಸಿ ಅನಿಸುತ್ತದೆ. ಆದರೆ ಊರಿನ ಪತ್ರಿಕೆ ಓದಿದಾಗ ‘ಮಸೂದೆ’ ಸಿಕ್ಕೇ ಸಿಗುತ್ತದೆ. ಎರಡನ್ನೂ ಕಲಿಸಬೇಕೇನೋ. ಈ ಮಸೂದೆಗೆ ಸದನದಲ್ಲಿ ಇದ್ದ ಹೆಸರು 128ನೇ ತಿದ್ದುಪಡಿ ವಿಧೇಯಕ. ಸೆಪ್ಟೆಂಬರ್ 28ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಅದು 106ನೇ ತಿದ್ದುಪಡಿ ಕಾಯ್ದೆ. ತಂದದ್ದೆಲ್ಲ ಪಾಸಾಗುವುದಿಲ್ಲ, ಅದಕ್ಕೇ ಸಂಖ್ಯೆ ಹಿಂದೆ ಬೀಳುತ್ತದೆ. ಮಸೂದೆ ಯಾವುದು ಕಾಯ್ದೆ ಯಾವುದು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ಇದಕ್ಕಿಂತ ಕೆಟ್ಟ ಅಪಾರ್ಥ ಬರುವುದು ಧನ ವಿಧೇಯಕದ, ಅಂದರೆ ತೆರಿಗೆ, ಸರ್ಕಾರದ ಖರ್ಚು ಇಂಥವಕ್ಕಷ್ಟೇ ಸೇರಿದ ಮಸೂದೆಯ, ವಿಷಯದಲ್ಲಿ. ಅದನ್ನು ತಡೆಯುವ ಅಧಿಕಾರ ರಾಜ್ಯಸಭೆಗೆ ಇಲ್ಲ. ಶಿಫಾರಸು ಇದ್ದರೆ ಸೇರಿಸಿ, ಇಲ್ಲದಿದ್ದರೆ ಹಾಗೆಯೇ, 14 ದಿನದೊಳಗೆ ಲೋಕಸಭೆಗೆ ಹಿಂದಿರುಗಿಸಬೇಕು. ಸದನದ ಮುಂದೆ ಬರುವ ಮಾತೇ ‘ಹಿಂದಿರುಗಿಸಬೇಕು’ ಅಂತ. ಇದನ್ನು ‘ರಾಜ್ಯಸಭೆ ಮಸೂದೆ ವಾಪಸ್ ಕಳಿಸಿತು’ ಅಂತ ಕನ್ನಡದಲ್ಲಿ ಬರೆದು ನೋಡಿ. ಓದಿದವರು ತಿರಸ್ಕಾರ ಮಾಡಿದರು ಅಂತಲೇ ತಿಳಿಯುತ್ತಾರೆ. ನಡೆದದ್ದು ಪೂರ್ತಿ ಉಲ್ಟಾ. ‘ಅನುಮೋದಿಸಿ ಕಳುಹಿಸಿತು’ ಅಂದರೆ ಅರ್ಥ ಸರಿಹೋಗುತ್ತದೆ, ಆದರೆ ಸಂವಿಧಾನದ ಮಾತಿನಿಂದ ದೂರ ಹೋಗುತ್ತದೆ. ಇದಕ್ಕೆ ಒಂದು ಒಳ್ಳೆಯ ಪದ ಯಾರಾದರೂ ಸೂಚಿಸಿ.

‘ಸೂಚಿಸಿ’ ಅಂದೆನಲ್ಲ, ಅದೂ ಒಂದು ತಲೆನೋವು. ಸದನದ ಕನ್ನಡದಲ್ಲಿ ‘ಸೂಚನೆ’ ಅಂದರೆ ಸದನದ ಒಪ್ಪಿಗೆ ಕೇಳಿ ಇಡುವ ಮಾತು. ಮುಂಚಿತವಾಗಿ ಕೊಡುವ ನೋಟಿಸೂ ಸೂಚನೆಯೇ. ಹೊರಗೆ ಬಂದರೆ ‘ಮಂತ್ರಿ ಸೂಚನೆ ನೀಡಿದರು’ ಅಂದರೆ ಅಧಿಕಾರಿಗಳಿಗೆ ಅಪ್ಪಣೆ ಮಾಡಿದರು ಅಂತ. ನಾನು ‘ಪ್ರಸ್ತಾವ’ದ ಕಡೆಗೆ ವಾಲುತ್ತೇನೆ. ಆದರೆ ಅದನ್ನು ‘ಪ್ರಸ್ತಾಪ’ದ ಜೊತೆ ಕಲಸುವುದು ಎಷ್ಟು ಜಾಸ್ತಿಯಾಗಿದೆ ಎಂದರೆ, ಈಗ ಬೇರ್ಪಡಿಸುವುದೇ ಕಷ್ಟ. ಪ್ರಸ್ತಾವ ಅಂದರೆ ಹೀಗೆ ಮಾಡೋಣ ಅಂತ ಮುಂದಿಟ್ಟದ್ದು. ಪ್ರಸ್ತಾಪ ಅಂದರೆ ಮಾತು ಎತ್ತಿದ್ದು. ತುರ್ತು ವಿಷಯಗಳನ್ನು ಎತ್ತಲು ಇರುವ ಶೂನ್ಯವೇಳೆಯಲ್ಲಿ ಸದಸ್ಯರು ಮಾಡುವುದು ಪ್ರಸ್ತಾಪ ಮಾತ್ರ, ಅದನ್ನು ಯಾರೂ ಮತಕ್ಕೆ ಹಾಕುವುದಿಲ್ಲ. (2014ರ ನವೆಂಬರಿನಿಂದ ರಾಜ್ಯಸಭೆಯಲ್ಲಿ ಶೂನ್ಯವೇಳೆ ಬೆಳಗ್ಗೆ, ಪ್ರಶ್ನೋತ್ತರ ಮಧ್ಯಾಹ್ನ 12ಕ್ಕೆ. ಲೋಕಸಭೆಯಲ್ಲಿ ಇದರ ಉಲ್ಟಾ. ನಾವು ಆರಿಸಿಕೊಂಡ ವಿಶೇಷ ಅಧಿವೇಶನದಲ್ಲಂತೂ ಪ್ರಶ್ನೋತ್ತರವೇ ಇರಲಿಲ್ಲ. ಆ ಭಾಗಕ್ಕೆ ಬೇರೆ ದಿನದ ಪಟ್ಟಿ ನೋಡಿಕೊಂಡೆವು.)

ಕನ್ನಡದ್ದೇ ಆದ ಸೊಗಸಾದ ಒಂದು ಜೋಡಿ ಇಲ್ಲಿದೆ: ನಡವಳಿ, ನಿಲುವಳಿ. ನಡೆದದ್ದು ನಡವಳಿ. ಅದನ್ನು ನಿಲ್ಲಿಸಿ ಇದನ್ನು ಮೊದಲು ಚರ್ಚಿಸಿ ಅನ್ನುವುದು ನಿಲುವಳಿ. ಹಿಡುವಳಿಯಲ್ಲಿ ಇರುವ ‘ವಳಿ’ಯೇ ಇದು. ‘ಸ್ಥಗನ ಪ್ರಸ್ತಾವ’ ಅನ್ನುವ ಮರಾಠಿ ಹಿಂದಿ ಪದದ ಪಕ್ಕದಲ್ಲಿ ನಿಲುವಳಿ ಎಷ್ಟು ಹಗುರ ನೋಡಿ. ಆದರೆ ಅದನ್ನು ಎಲ್ಲಿ ಬೇಕಾದರಲ್ಲಿ ಹಚ್ಚುವುದು ಸರಿಯಲ್ಲ. ರಾಜ್ಯಸಭೆಯಲ್ಲಿ ನಿಲುವಳಿ ಸೂಚನೆ ಎನ್ನುವುದು ಇಲ್ಲ. ಸರ್ಕಾರ ಉತ್ತರ ಹೇಳಿಕೊಳ್ಳಬೇಕಾದ್ದು ಲೋಕಸಭೆಗೆ, ಹಾಗಾಗಿ ಆ ಅಸ್ತ್ರ ಅಲ್ಲಿ ಮಾತ್ರ. ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ದಿನಾ ಬೆಳಗ್ಗೆ ಕೊಡುವುದು 267ನೇ ನಿಯಮದ ನೋಟಿಸು. ಇಂಥ ನಿಯಮವನ್ನು ಸದ್ಯಕ್ಕೆ ಬದಿಗಿಡಿ, ನಮ್ಮ ವಿಷಯ ತೆಗೆದುಕೊಳ್ಳಿ ಅನ್ನುವ ಕೋರಿಕೆ ಅದು. ಅದನ್ನೂ ‘ನಿಲುವಳಿ’ ಅಂತ ಬರೆಯುವುದನ್ನು ನೋಡಿದ್ದೇನೆ. ‘ನಿಯಮ ಬದಿಗಿಡುವ ನೋಟಿಸು’ ಅಂದರೆ ಸಾಕಲ್ಲ?

ಪೀಠದಲ್ಲಿ ಕೂರುವವರ ಹೆಸರು ಇನ್ನೊಂದು ಗೋಜಲು. ರಾಜ್ಯಸಭೆಯಲ್ಲಿ ಉಪರಾಷ್ಟ್ರಪತಿಯೇ ಸಭಾಪತಿ. ಅವರ ಕೆಳಗೆ ಉಪಸಭಾಪತಿ. ಇಬ್ಬರೂ ಇಲ್ಲದಾಗ ಕೂರಲು ಸದಸ್ಯರದೇ ಒಂದು ಪಟ್ಟಿ, ಅವರನ್ನು ಹಿಂದಿಯಲ್ಲಿ ‘ಉಪಸಭಾಧ್ಯಕ್ಷ’ ಎನ್ನುತ್ತಾರೆ. ಆದರೆ ಕರ್ನಾಟಕದಲ್ಲಿ ಉಪಸಭಾಧ್ಯಕ್ಷರು ಅಂದರೆ ವಿಧಾನಸಭೆಯ ಡೆಪ್ಯುಟಿ ಸ್ಪೀಕರ್! ಮಹಾರಾಷ್ಟ್ರದಲ್ಲೋ, ವಿಧಾನ ಪರಿಷತ್ತಿಗೆ ಒಬ್ಬ ಸಭಾಪತಿ ಇದ್ದರೆ, ತಾಲ್ಲೂಕಿಗೊಬ್ಬ ಪಂಚಾಯತ್ ಸಮಿತಿ ಸಭಾಪತಿ, ಬಾಜಾರ್ ಸಮಿತಿಗೂ ಒಬ್ಬ ಸಭಾಪತಿ. ಈರುಳ್ಳಿ ಮಾರುಕಟ್ಟೆಯ ಸಭಾಪತಿಯನ್ನು ನೋಡಿ ಬೆಳೆದ ಹುಡುಗನಿಗೆ ಉಪರಾಷ್ಟ್ರಪತಿ ಸಭಾಪತಿ ಅಂದರೆ ನಗು ಬರುತ್ತದೆ. ಸೆಪ್ಟೆಂಬರ್ 21ಕ್ಕೆ ಸಭಾಪತಿ ಜಗದೀಪ್ ಧನಕರ್ ಆ ಪಟ್ಟಿಯನ್ನು ಬದಲಾಯಿಸಿ ಪೂರ್ತಿ ಹೆಂಗಸರದೇ ಮಾಡಿದ್ದರು, 13 ಜನ. ಪಿ.ಟಿ. ಉಷಾ, ಜಯಾ ಬಚ್ಚನ್ ಅದರಲ್ಲಿದ್ದರು. ಇವರನ್ನು ಕನ್ನಡದಲ್ಲಿ ಏನನ್ನೋಣ? ‘ಉಪಸಭಾಧ್ಯಕ್ಷೆ’ ಅಂದರೆ ಊರಿನವರಿಗೆ ಬೇರೆ ಅರ್ಥ. ನಾವು ‘ಪೀಠದಲ್ಲಿದ್ದ ಸದಸ್ಯೆ’ ಅಂತ ಬರೆದು ಪಾರಾದೆವು. ‘ಪತಿ’ ಅಂತೂ ಹೆಂಗಸರಿಗೂ ಒಗ್ಗಿಹೋಗಿದೆ. ಮುಂಬಯಿಯಲ್ಲಿ ವಕೀಲಿ ಮಾಡಿದ್ದ ವಯಲೆಟ್ ಆಳ್ವ 1962ರಿಂದ 1969ರವರೆಗೆ ಉಪಸಭಾಪತಿಯೇ ಆಗಿದ್ದರು.

ಮತದ ವಿಷಯ ಚುಟುಕಾಗಿ. ಸಾಮಾನ್ಯ ಮಸೂದೆ ಧ್ವನಿಮತದಲ್ಲಿ ಮುಗಿಯುತ್ತದೆ. ಸಂವಿಧಾನ ತಿದ್ದುಪಡಿಗೆ ಹಾಗಾಗದು. ಹಾಜರಿದ್ದು ಮತ ಹಾಕಿದವರ ಮೂರನೇ ಎರಡು, ಜೊತೆಗೆ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಬೇಕು. ಅಂದರೆ ತಲೆ ಎಣಿಸಲೇಬೇಕು. ಅವತ್ತು ಪರ 214, ವಿರುದ್ಧ ಸೊನ್ನೆ. ಈ ಎಣಿಕೆಗೆ ‘ಮತ ವಿಭಜನೆ’ ಅಂತ ಬರೆದರೆ, ಚುನಾವಣೆಯಲ್ಲಿ ಮತ ಒಡೆದುಹೋಯಿತು ಅನ್ನುವ ಅರ್ಥವೇ ಮೊದಲು ಬರುತ್ತದೆ. ಸೊನ್ನೆ ವಿರೋಧ ಇದ್ದ ಕಡೆ ವಿಭಜನೆ ಎಲ್ಲಿ ಬಂತು ಅಂತ ಕೇಳಿದರೆ ಏನು ಹೇಳುವುದು? ‘ಎಣಿಕೆ ಮತ’ ನನ್ನ ಸಲಹೆ. ನಗಬೇಡಿ.

ಸಲ್ಲದ ಮಾತನ್ನು ಸದನದ ವರದಿಯಿಂದ ಅಳಿಸಲು ಪೀಠದಿಂದ ಬರುವ ‘ಕಡತದಿಂದ ತೆಗೆಯಿರಿ’ ಅನ್ನುವುದನ್ನು ಮಾತ್ರ ನಾನು ಬದಲಾಯಿಸಲು ಬಿಡುವುದಿಲ್ಲ. ಇವತ್ತು ಕಡತ ಅಂದರೆ ಫೈಲು, ಸದನದ ವರದಿ ಫೈಲಲ್ಲ ಅನ್ನುವ ವಾದ ಬಂದಿದೆ. ಆದರೆ ಹಳೆಯ ಕಡತ ಏನಾಗಿತ್ತು ನೆನಪಿಸಿಕೊಳ್ಳಿ. ದಪ್ಪ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಕಪ್ಪು ಬಳಿದರೆ ಮುಗಿಯಿತು. ಬರೆದದ್ದನ್ನು ಅಳಿಸುವ ಮಾತಿಗೆ ಇಷ್ಟು ಹೊಂದುವ ಪದ ಇನ್ನೊಂದಿಲ್ಲ. ರಾಜ್ಯಸಭೆಯ ಅಚ್ಚಾದ ವರದಿಯಲ್ಲಿ ಆ ಜಾಗಕ್ಕೆ ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೇ ವ್ಯತ್ಯಾಸ.

‘ಸದನದ ಬಾವಿ’ಗೆ ಮರಾಠಿಯವರು ‘ಹೌದ’ ಅನ್ನುತ್ತಾರೆ, ಅಂದರೆ ತೊಟ್ಟಿ. ನಾವು ಬಾವಿಗೆ ಇಳಿಯುತ್ತೇವೆ, ಅವರು ತೊಟ್ಟಿಗೆ. ಪೀಠದ ಮುಂದಿನ ಜಾಗಕ್ಕೆ ‘ಅಂಗಳ’ ಅಂದಿದ್ದರೆ ಚೆನ್ನಾಗಿತ್ತು. ಆದರೆ ಬಾವಿ ಎಷ್ಟು ಬಳಕೆಯಲ್ಲಿದೆ ಅಂದರೆ ಈಗ ಮುಚ್ಚುವ ಹಾಗಿಲ್ಲ.

ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆಯವರಿಗೆ ಒಂದು ವಿನಂತಿ. 1956ರವರೆಗೆ ನಿಮ್ಮ ಶಾಸಕರು ಕೂರುತ್ತಿದ್ದದ್ದು ಮುಂಬಯಿಯಲ್ಲಿ. ಮುಂದೆ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಪೀಠದಲ್ಲಿ ಕೂತ ಬಿ.ಡಿ. ಜತ್ತಿಯವರೂ ಮೊದಲು ಇಲ್ಲೇ ಇದ್ದವರು. ಆ ಕಾಲದ ಕನ್ನಡ ಪತ್ರಿಕೆಗಳ ಕತ್ತರಿಕೆ ಯಾರ ಮನೆಯಲ್ಲಾದರೂ ಇದ್ದರೆ, ಅದರಲ್ಲಿ ಮುಂದಿಡುವುದಕ್ಕೆ, ತರುವುದಕ್ಕೆ, ತಹಕೂಬಿಗೆ (ಕಲಾಪ ಮುಂದೂಡುವುದಕ್ಕೆ) ಏನು ಬರೆದಿದ್ದಾರೆ ನೋಡಿ ಹೇಳಿ. ಗೋವಾದಲ್ಲಿ ಮೇಲ್ಮನೆ ಇಲ್ಲ, ರಾಜ್ಯಸಭೆಗೆ ಒಂದೇ ಸ್ಥಾನ. ಆದರೂ 2018ರಿಂದ ರಾಜ್ಯಸಭೆಯಲ್ಲಿ ಕೊಂಕಣಿಗೆ ದುಭಾಷಿಗಳಿದ್ದಾರೆ. ಅವರು ‘ಮಂಡನೆ’ಗೆ ಏನು ಹೇಳುತ್ತಾರೆ ಅಂತ ಮಡಗಾಂವ್, ವಾಸ್ಕೋ ಗೆಳೆಯರು ಕಿವಿಗೊಟ್ಟು ಕೇಳಿದರೆ ಉಪಕಾರ. ನಾವು ಸದ್ಯಕ್ಕೆ ‘ಮುಂದಿಡು’ ಅಂತಲೇ ಟೈಪ್ ಮಾಡಿಸುತ್ತಿದ್ದೇವೆ. ಅಚ್ಚಿಗೆ ಹೋಗುವ ಮೊದಲು ಜಗಳ ಆಡುವುದಿದ್ದರೆ ಆಡಿಬಿಡಿ.