ತಾಳಮದ್ದಳೆಯ ಮಾತು ತಿಳಿಯಬೇಕು, ಕೈಯಲ್ಲಿ 15 ಸಾವಿರ ಉಂಟು. ಕಾರಿಗೆ ಏನು ಹಾಕಿಸಲಿ?

ಪ್ರಶ್ನೆ (ಸುರತ್ಕಲ್‌ನಿಂದ):
ನಮಸ್ಕಾರ ಅಣ್ಣ. ನನ್ನದು 2014ರ ಸ್ವಿಫ್ಟ್. ಕೆಲಸಕ್ಕೆ ದಿನಾ ಉಡುಪಿಗೆ ಹೋಗಿ ಬರುವುದು. ದಾರಿಯಲ್ಲಿ ಕೇಳುವುದು ಜಾಸ್ತಿ ತಾಳಮದ್ದಳೆ, ಮತ್ತೆ ಸ್ವಲ್ಪ ಹಳೆ ಸಿನಿಮಾ ಹಾಡು. ಗಾಡಿ ನಿಂತಿರುವಾಗ ಪರವಾಗಿಲ್ಲ. ಪಡುಬಿದ್ರಿ ದಾಟಿ 80ರಲ್ಲಿ ಹೋಗುವಾಗ ಅರ್ಥಧಾರಿಗಳ (ಕೂತು ಪಾತ್ರದ ಮಾತು ಆಡುವವರ) ಮಾತು ಒಂದೂ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಚೆಂಡೆ ಬಿದ್ದಾಗ ಕಿವಿ ಒಡೆದ ಹಾಗಾಗುತ್ತದೆ. ಎಡಗಡೆ ಬಾಗಿಲು ಬೇರೆ ಗಿರ್ರ್ ಎನ್ನುತ್ತದೆ. ಒಂದು ಅಂಗಡಿಯಲ್ಲಿ ಕೇಳಿದೆ. 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್, ನಾಲ್ಕು ಸ್ಪೀಕರ್, ಡಿಕ್ಕಿಗೆ ಬಾಸ್ ಟ್ಯೂಬ್, ಎಲ್ಲ ಸೇರಿ 18 ಸಾವಿರ ಎಂದರು. ನನ್ನ ಹತ್ತಿರ ಇರುವುದು 15. ಸಾಲ ಮಾಡಿ ಹಾಕಿಸಲಾ?

ಉತ್ತರ:
ಸಾಲ ಎಲ್ಲ ಬೇಡ ಮಾರಾಯ್ರೆ. 15ರಲ್ಲೇ ಸ್ವಲ್ಪ ಉಳಿಯುತ್ತದೆ.

ನಿಮಗೆ ಬೇಕಾದದ್ದು ಮಾತು, ಆ ಅಂಗಡಿಯವರು ಕೊಡುತ್ತಿರುವುದು ಬಾಸ್. ಹೈವೇಯಲ್ಲಿ ಟಯರಿನ ಗುಂಯ್ ಸದ್ದು ಮೊದಲೇ ಕೆಳಗಿನ ಸ್ವರದ್ದು. ಅದರ ಮೇಲೆ ಬಾಸ್ ಟ್ಯೂಬ್ ಕೂಡ ಗುಂಯ್ ಎಂದರೆ ಮಾತು ಇನ್ನೂ ಮುಳುಗುತ್ತದೆ. ಸ್ಕ್ರೀನ್ ದೊಡ್ಡದಾದ ಮಾತ್ರಕ್ಕೆ ಸೌಂಡ್ ಚೆನ್ನಾಗಿ ಬರುವುದಿಲ್ಲ. ಅಷ್ಟು ಕಡಿಮೆಗೆ ಅಷ್ಟೆಲ್ಲ ಕೊಡಬೇಕಾದರೆ ಅವರು ಸ್ಪೀಕರಿನಲ್ಲೇ ಉಳಿಸಬೇಕು, ಅಲ್ವಾ?

ದುಡ್ಡು ಮೊದಲು ಹೋಗಬೇಕಾದದ್ದು ಮುಂದಿನ ಎರಡು ಬಾಗಿಲಿಗೆ. ಹಿಂದಿನದ್ದು ಮುಟ್ಟಲೇಬೇಡಿ. ನೀವು ಒಬ್ಬರೇ ಹೋಗುವುದು, ಹಿಂದೆ ಕೂತು ಕೇಳುವವರು ಯಾರು?

ಮುಂದಕ್ಕೆ ಕಾಂಪೊನೆಂಟ್ ಸೆಟ್ ಹಾಕಿಸಿ, ಸೈಜು ಆರೂವರೆ ಇಂಚು. ಅದರಲ್ಲಿ ಮೇಲಿನ ಸ್ವರ ಕೊಡುವ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಬೇರೆಯೇ ಬರುತ್ತದೆ. ಅದನ್ನು ಸೈಡ್ ಕನ್ನಡಿಯ ಒಳಬದಿಯಲ್ಲಿರುವ ತ್ರಿಕೋನದ ಪ್ಲಾಸ್ಟಿಕ್ ಮೇಲೆ ಕೂರಿಸಿದರೆ ಅರ್ಥಧಾರಿ ಡ್ಯಾಶ್‌ಬೋರ್ಡ್ ಮೇಲೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಈಗ ನಿಮ್ಮ ಮೊಣಕಾಲಿನ ಹತ್ತಿರದಿಂದ ಮಾತಾಡುತ್ತಿದ್ದಾರೆ. ಟ್ವೀಟರ್ ರೇಷ್ಮೆಯ ಡೋಮ್ ಇರುವುದೇ ಇರಲಿ, ಚೆಂಡೆ ಅಷ್ಟು ಚುಚ್ಚುವುದಿಲ್ಲ. ಕೆಲವು ಸೆಟ್‌ಗಳ ಕ್ರಾಸ್‌ಓವರ್ ಡಬ್ಬಿಯಲ್ಲಿ (ಮೇಲಿನ ಸ್ವರ ಟ್ವೀಟರಿಗೆ, ಉಳಿದದ್ದು ದೊಡ್ಡ ಸ್ಪೀಕರಿಗೆ ಹಂಚುವುದು ಅದೇ) ಟ್ವೀಟರನ್ನು 3 ಡೆಸಿಬೆಲ್ ಇಳಿಸುವ ಸೌಕರ್ಯ ಇರುತ್ತದೆ. ಅಂಥದ್ದು ಸಿಕ್ಕಿದರೆ ಬಿಡಬೇಡಿ.

ಡಬ್ಬದ ಮೇಲೆ 300 ವ್ಯಾಟ್ ಎಂದು ದೊಡ್ಡದಾಗಿ ಬರೆದದ್ದನ್ನು ನಂಬಬೇಡಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ ಎಂದು ಇರುತ್ತದೆ, ನಿಲ್ಲದೆ ತಡೆಯುವ ಪವರಿನ ನಿಜವಾದ ಲೆಕ್ಕ ಅದು. ಸ್ಟೀರಿಯೊದ ಕಥೆಯೂ ಹಾಗೆಯೇ. 50 ಇಂಟು 4 ಎಂದು ಬರೆದಿದ್ದರೂ ಒಂದೊಂದು ಸ್ಪೀಕರಿಗೆ ನಿಲ್ಲದೆ ಸಿಗುವುದು 15ರಿಂದ 20 ವ್ಯಾಟ್. ಅದಕ್ಕೇ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರಿಗೆ ಎಷ್ಟು ಸದ್ದು ಬರುತ್ತದೆ ಎಂಬ ಲೆಕ್ಕ, 90 ಡೆಸಿಬೆಲ್ ಅಥವಾ ಮೇಲೆ ಇರುವ ಸ್ಪೀಕರ್ ತೆಗೆದುಕೊಳ್ಳಿ. 3 ಡೆಸಿಬೆಲ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಅರ್ಧ ಪವರ್ ಸಾಕು. ಆಂಪ್ಲಿಫೈಯರ್ ಖರ್ಚು ಸದ್ಯಕ್ಕೆ ತಪ್ಪಿತು.

ಇನ್ನು ಬಾಗಿಲು. ಜನ ದುಡ್ಡು ಉಳಿಸುವುದು ಇಲ್ಲಿಯೇ, ನನಗೆ ಬೇಜಾರಾಗುವುದೂ ಇಲ್ಲಿಯೇ. ನಿಮ್ಮ ಕಾರಿನ ಬಾಗಿಲಿಗೆ ಹೊರಗಿನಿಂದ ಬೆರಳಿನಲ್ಲಿ ಕುಟ್ಟಿ ನೋಡಿ, ಡಣ್ ಎನ್ನುತ್ತದೆ. ಎಣ್ಣೆ ಡಬ್ಬದ ಹಾಗೆ. ಎಷ್ಟು ಒಳ್ಳೆಯ ಸ್ಪೀಕರನ್ನು ಕೂರಿಸಿದರೂ ಆ ತಗಡೂ ಜೊತೆಗೆ ಹಾಡುತ್ತದೆ. ಒಳಗಿನಿಂದ ತಗಡಿನ ನಡುಕ ತಡೆಯುವ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ ರೋಲರಿನಲ್ಲಿ ಒತ್ತಿದ ಮೇಲೆ ಕುಟ್ಟಿ, ದಪ್ ಎನ್ನುತ್ತದೆ. ಇಡೀ ಬಾಗಿಲಿಗೆ ಬೇಕಾಗಿಲ್ಲ, ಸ್ಪೀಕರಿನ ಹಿಂದೆ ಮತ್ತು ನಡುವಿನ ಅಗಲ ಜಾಗಕ್ಕೆ ಸಾಕು. ಮಾಡಿನ ಸೋರಿಕೆಗೆ ಹಾಕುವ ಡಾಂಬರಿನ ಶೀಟ್ ಅಗ್ಗಕ್ಕೆ ಸಿಗುತ್ತದೆ ಎಂದು ತರಬೇಡಿ. ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಗಾಡಿಯಿಡೀ ವಾಸನೆ.

ಲೆಕ್ಕ ಹೇಳುತ್ತೇನೆ, ಸ್ವಲ್ಪ ಆಚೆ ಈಚೆ ಆಗಬಹುದು. ಸ್ಪೀಕರ್ ಸೆಟ್ 6 ಸಾವಿರ, ಎರಡು ಬಾಗಿಲಿನ ಡ್ಯಾಂಪಿಂಗ್ 3 ಸಾವಿರ, ಸ್ಪೀಕರಿನ ಅಡಿಗೆ ಇಡುವ ರಿಂಗು, ವಯರು ಎಲ್ಲ 500, ಕೂಲಿ 1,500. ಒಟ್ಟು 11 ಸಾವಿರ. ಸ್ಟೀರಿಯೊ ಸದ್ಯ ಹಳೆಯದೇ ಇರಲಿ. ಒಂದು ತಿಂಗಳು ಕೇಳಿ. ಬ್ಲೂಟೂತ್ ಬೇಕೇ ಬೇಕು ಅನಿಸಿದರೆ ಉಳಿದ 4 ಸಾವಿರಕ್ಕೆ ಸ್ಕ್ರೀನ್ ಇಲ್ಲದ ಸಾದಾ ಸೆಟ್ ಬರುತ್ತದೆ.

ಅಂದ ಹಾಗೆ ಗಿರ್ರ್ ಸದ್ದು ಎಲ್ಲಿಂದ ಎಂದು ನೀವೇ ನೋಡಬಹುದು. ಹಾಡು ಹಾಕಿ ಬಾಗಿಲಿನ ಪ್ಯಾಡನ್ನು ಅಂಗೈಯಲ್ಲಿ ಗಟ್ಟಿ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಪ್ಯಾಡನ್ನು ಹಿಡಿದಿರುವ ಕ್ಲಿಪ್ ಹೋಗಿದೆ. ನಿಲ್ಲದಿದ್ದರೆ ಸ್ಪೀಕರಿನ ಪೇಪರ್ ಹರಿದಿರಬಹುದು, ಇಲ್ಲವೇ ಒಳಗೆ ಲಾಕಿನ ಸರಳು ಬಡಿಯುತ್ತಿರಬಹುದು.

ಪ್ರಶ್ನೆ (ಬ್ರಹ್ಮಾವರದಿಂದ):
ನಾವು ಹೋದ ವರ್ಷ ಒಂದು ಕಡೆ ಸ್ಪೀಕರ್ ಹಾಕಿಸಿದೆವು. ಜೂನ್‌ನಲ್ಲಿ ಮಳೆ ಶುರುವಾದದ್ದೇ ಕಾಲಿನ ಹತ್ತಿರ ಮ್ಯಾಟ್ ಪೂರಾ ಚಂಡಿ. ಗ್ಲಾಸಿನ ರಬ್ಬರ್ ಹಳತಾಗಿದೆ ಎಂದು ಅವರು ಕೈ ತೊಳೆದುಕೊಂಡರು. ರಬ್ಬರ್ ಬದಲಿಸಿದರೂ ನೀರು ನಿಲ್ಲಲಿಲ್ಲ.

ಉತ್ತರ:
ಅದು ರಬ್ಬರಿನ ತಪ್ಪಲ್ಲ ಅಕ್ಕ. ಗ್ಲಾಸಿನ ಹೊರಬದಿಗೆ ಬಿದ್ದ ನೀರು ಎಲ್ಲ ಕಾರಿನಲ್ಲೂ ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ. ಕೆಳಗೆ ಅಂಚಿನಲ್ಲಿ ಸಣ್ಣ ತೂತುಗಳಿವೆ, ಅಲ್ಲಿಂದ ಹೊರಗೆ ಹೋಗುತ್ತದೆ. ಆ ನೀರು ಪ್ಯಾಡಿನ ಕಡೆಗೆ ಬರದ ಹಾಗೆ ಕಂಪನಿಯವರು ಒಂದು ಪ್ಲಾಸ್ಟಿಕ್ ಶೀಟನ್ನು ಕಪ್ಪು ಗಮ್‌ನಲ್ಲಿ ಅಂಟಿಸಿರುತ್ತಾರೆ. ಫಿಟ್ಟಿಂಗ್ ಮಾಡುವಾಗ ಅದನ್ನು ಹರಿದಿರಬೇಕು, ಇಲ್ಲವೇ ಸುಮ್ನೆ ಸೆಲ್ಲೋಟೇಪ್ ಹಚ್ಚಿ ಮುಚ್ಚಿರಬೇಕು. ನಮ್ಮ ಮಳೆಗೆ ಸೆಲ್ಲೋಟೇಪ್ ಎಷ್ಟು ದಿನ ನಿಲ್ಲುತ್ತದೆ? ಪ್ಯಾಡ್ ಬಿಚ್ಚಿಸಿ ಆ ಶೀಟನ್ನು ಬ್ಯೂಟೈಲ್ ಟೇಪಿನಲ್ಲಿ ಸುತ್ತ ಕೂರಿಸಲು ಹೇಳಿ. ಕೆಳಗಿನ ತೂತಿಗೆ ಡ್ಯಾಂಪಿಂಗ್ ಅಂಟಿಸಿ ಮುಚ್ಚಿದ್ದಾರಾ ಎಂದೂ ನೋಡಿ. ಹಾಗಿದ್ದರೆ ಬಾಗಿಲು ತುಕ್ಕು ಹಿಡಿಯುತ್ತದೆ.

ಸ್ಪೀಕರಿನ ಅಡಿಗೆ ಇಡುವ ರಿಂಗ್ ಮರದ ಪುಡಿ ಒತ್ತಿ ಮಾಡುವ ಎಂಡಿಎಫ್‌ನದ್ದಾದರೆ ಅದನ್ನೂ ಈಗಲೇ ತೆಗೆಸಿ. ಒಂದು ಮಳೆಗಾಲ ಕಳೆದ ಎಂಡಿಎಫ್ ರಿಂಗನ್ನು ಬಿಚ್ಚಿದರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕೈಗೆ ಬರುತ್ತದೆ. ಊರಿನ ಕಡೆಗೆ ಪ್ಲಾಸ್ಟಿಕ್ ರಿಂಗೇ ಒಳ್ಳೆಯದು.

ಪ್ರಶ್ನೆ (ಮಲ್ಪೆಯಿಂದ):
ನನ್ನ ಕಾರಿನಲ್ಲಿ ಆಂಪ್ (ಆಂಪ್ಲಿಫೈಯರ್) ಉಂಟು. ಎಕ್ಸಲರೇಟರ್ ಕೊಟ್ಟ ಹಾಗೆ ಸ್ಪೀಕರಿನಲ್ಲಿ ಕುಂಯ್ ಎಂದು ಏರುತ್ತದೆ.

ಉತ್ತರ:
ಮೊದಲು ಆಂಪಿನ ಅರ್ಥ್ ವಯರ್ ನೋಡಿ. ಪೇಂಟ್ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಹಾಕಿರಬೇಕು, ವಯರ್ ಗಿಡ್ಡ ಇರಬೇಕು. ಕಡಲ ಬದಿಯ ಗಾಡಿಗಳಲ್ಲಿ ಆ ಜಾಗ ಉಪ್ಪು ಗಾಳಿಗೆ ಬೇಗ ಕಿಲುಬು ಹಿಡಿಯುತ್ತದೆ. ಸರಿ ಇದ್ದರೆ ಆರ್‌ಸಿಎ ವಯರನ್ನೂ (ಸ್ಟೀರಿಯೊದಿಂದ ಆಂಪಿಗೆ ಸದ್ದು ಒಯ್ಯುವ ವಯರು) ಪವರ್ ವಯರನ್ನೂ ಒಂದೇ ಬದಿಯಲ್ಲಿ ಎಳೆದಿದ್ದಾರಾ ನೋಡಿ, ಬೇರೆ ಬೇರೆ ಬದಿಗೆ ಹಾಕಿಸಿ. ಪವರ್ ವಯರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಉಂಟಾ? ಇಲ್ಲದಿದ್ದರೆ ಕುಂಯ್ ಸದ್ದು ಹಾಗಿರಲಿ, ಇವತ್ತೇ ಫ್ಯೂಸ್ ಹಾಕಿಸಿ. ವಯರ್ ಎಲ್ಲಿಯಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ.

ಪ್ರಶ್ನೆ (ಸುರತ್ಕಲ್‌ನಿಂದ, ಮತ್ತೆ):
ಅಣ್ಣ, ಅಂಗೈ ಒತ್ತಿದೆ, ಗಿರ್ರ್ ನಿಂತಿತು! ಸ್ಪೀಕರ್ ಸೆಟ್ ಆನ್‌ಲೈನ್‌ನಲ್ಲಿ ತರಿಸಿ, ಫಿಟ್ಟಿಂಗ್ ಗೊತ್ತಿರುವ ಹುಡುಗನಿಂದ ಮಾಡಿಸಬಹುದಾ?

ಉತ್ತರ:
ಹಾಗಾದರೆ ಕ್ಲಿಪ್ಪೇ. ಪ್ಯಾಡ್ ಹೇಗೂ ಬಿಚ್ಚುವುದಲ್ವಾ, ಆಗ ಎಲ್ಲ ಕ್ಲಿಪ್ ಹೊಸತು ಹಾಕಿಸಿ, ದೊಡ್ಡ ಖರ್ಚಲ್ಲ.

ಹುಡುಗ ಮಾಡಲಿ, ನೀವು ಪಕ್ಕದಲ್ಲಿ ನಿಲ್ಲಿ. ಕಂಪನಿ ವಯರ್ ಕತ್ತರಿಸಲು ಬಿಡಬೇಡಿ, ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಸಿಗುತ್ತದೆ. ಪ್ಯಾಡ್ ಮುಚ್ಚುವ ಮೊದಲು ಒಂದು ಕೆಲಸ ಮಾಡಿ. ಸ್ಟೀರಿಯೊದ ಕಡೆಯ ಕಪ್ಲರ್ ಬಿಚ್ಚಿ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಆ ಸ್ಪೀಕರ್ ವಯರುಗಳಿಗೆ ಒಂದು ಕ್ಷಣ ಮುಟ್ಟಿಸಿ, ಪ್ಲಸ್ಸಿಗೆ ಪ್ಲಸ್. ಎರಡೂ ಬಾಗಿಲಿನ ಸ್ಪೀಕರಿನ ಕೋನ್ (ಪೇಪರ್) ಹೊರಗೆ ಬರಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ವಯರ್ ಉಲ್ಟಾ. ಹಾಗೇ ಮುಚ್ಚಿದರೆ ಬಾಸ್ ಸತ್ತುಹೋಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಆಮೇಲೆ ಜನ ಸ್ಪೀಕರ್ ಸರಿಯಿಲ್ಲ ಎಂದು ಬೈಯುತ್ತಾರೆ.

ಮತ್ತೆ ನಿಮ್ಮ ಪೆನ್‌ಡ್ರೈವ್‌ನಲ್ಲಿರುವುದು ಹಳೆ ಕ್ಯಾಸೆಟ್‌ನಿಂದ ಇಳಿಸಿದ್ದಾದರೆ ಅದರ ಹಿಸ್ಸ್ ಸದ್ದು ಇನ್ನು ಮೇಲೆ ಚೆನ್ನಾಗಿಯೇ ಕೇಳಿಸುತ್ತದೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಟ್ರೆಬಲ್ ಎರಡು ಪಾಯಿಂಟ್ ಇಳಿಸಿಕೊಳ್ಳಿ.